ಭಾನುವಾರ ಆರೂವರೆಗೆ ಬರುವ ಅಕ್ಕ

ನಮ್ಮ ಪ್ರಾಜೆಕ್ಟಿನ ಕ್ಲೈಂಟ್ ತಂಡ ಇರೋದು ಟೋಕಿಯೊದಲ್ಲಿ. ಸೋಮವಾರ ಬೆಳಿಗ್ಗೆ ನಮಗೆ ಏಳು ಗಂಟೆ, ಅವರಿಗೆ ಹತ್ತೂವರೆ ಆದಾಗ ವಾರದ ಮೊದಲ ಕಾಲ್. ನಾನು ಕಾಫಿ ಲೋಟ ಹಿಡಿದುಕೊಂಡು, ಕ್ಯಾಮೆರಾ ಆಫ್ ಮಾಡಿ, ಅರ್ಧ ನಿದ್ದೆಯಲ್ಲೇ ಕೂತಿರುತ್ತೇನೆ. ಒಂದು ಸಲ ಎಲ್ಲರೂ ಸೇರೋವರೆಗೆ ಏನಾದರೂ ಮಾತಾಡಬೇಕಲ್ಲ ಅಂತ, ಆ ಕಡೆಯ ಸಹೋದ್ಯೋಗಿಯನ್ನು ವೀಕೆಂಡ್ ಹೇಗಿತ್ತು ಅಂತ ಕೇಳಿದೆ. "ಚೆನ್ನಾಗಿತ್ತು, ಆದರೆ ನಿನ್ನೆ ಸಂಜೆ ಮತ್ತೆ ಸಜಾಯೆ-ಸಾನ್ ಕಾಯಿಲೆ ಬಂತು" ಅಂದರು.

ಏನೋ ಜ್ವರ ಇರಬೇಕು ಅಂದುಕೊಂಡು, ಬೇಗ ಹುಷಾರಾಗಿ ಅಂದುಬಿಟ್ಟೆ. ಅವರು ನಗೋಕೆ ಶುರು ಮಾಡಿದರು.

ಅದು ಜ್ವರ ಅಲ್ಲ. ಭಾನುವಾರ ಸಂಜೆ ಟಿವಿಯಲ್ಲಿ 'ಸಜಾಯೆ-ಸಾನ್' ಕಾರ್ಟೂನಿನ ಹಾಡು ಕೇಳಿಸಿದ ಕೂಡಲೇ ರಜೆ ಮುಗೀತು, ನಾಳೆ ಆಫೀಸು ಅಂತ ಹೊಟ್ಟೆಯಲ್ಲಿ ಆಗುವ ಸಂಕಟಕ್ಕೆ ಜಪಾನಿನಲ್ಲಿ ಇಟ್ಟಿರುವ ಹೆಸರು. ನಮಗೆಲ್ಲ ಭಾನುವಾರ ರಾತ್ರಿ ಲ್ಯಾಪ್‌ಟಾಪ್ ಬ್ಯಾಗ್ ಕಣ್ಣಿಗೆ ಬಿದ್ದಾಗ ಆಗುತ್ತಲ್ಲ, ಅದೇ. ನನಗೆ ಮುಜುಗರ ಆಗಿದ್ದು ಬೇರೆ ಕಾರಣಕ್ಕೆ. ನಾನು ಅನಿಮೆ ನೋಡುವವನು ಅಂತ ಅವರ ಹತ್ತಿರ ಮೊದಲೇ ಜಂಬ ಕೊಚ್ಚಿಕೊಂಡಿದ್ದೆ. ನರುಟೊ ಆಯ್ತು, ಒನ್ ಪೀಸ್ ಆಯ್ತು, ಡೀಮನ್ ಸ್ಲೇಯರ್ ಥಿಯೇಟರಿಗೇ ಹೋಗಿ ನೋಡಿದ್ದೂ ಆಯ್ತು. ಸಜಾಯೆ-ಸಾನ್ ಅನ್ನೋ ಹೆಸರು ಮಾತ್ರ ಯಾವತ್ತೂ ಕೇಳಿರಲಿಲ್ಲ. ಕನ್ನಡ ಸಿನಿಮಾ ಎಲ್ಲಾ ಗೊತ್ತು ಅಂತ ಹೇಳಿ, ರಾಜ್‌ಕುಮಾರ್ ಯಾರು ಅಂತ ಕೇಳಿದ ಹಾಗಾಯ್ತು ನನ್ನ ಕಥೆ.

ಯಾಕೆಂದರೆ ಇದು ಸಣ್ಣ ಪುಟ್ಟ ಕಾರ್ಟೂನ್ ಅಲ್ಲ. 1969ರ ಅಕ್ಟೋಬರ್ 5ರಂದು ಫ್ಯೂಜಿ ಟಿವಿಯಲ್ಲಿ ಶುರುವಾಗಿದ್ದು ಇವತ್ತಿಗೂ ಭಾನುವಾರ ಸಂಜೆ ಆರೂವರೆಗೆ ಬರುತ್ತಿದೆ. ಜಗತ್ತಿನಲ್ಲೇ ಅತಿ ಹೆಚ್ಚು ಕಾಲ ನಡೆದಿರುವ ಅನಿಮೇಷನ್ ಟಿವಿ ಸರಣಿ ಅಂತ ಗಿನ್ನೆಸ್ ದಾಖಲೆ ಇದಕ್ಕಿದೆ. ಪ್ರತಿ ವಾರ ಏಳೇಳು ನಿಮಿಷದ ಮೂರು ಕಥೆಗಳು. ಒಟ್ಟು ಏಳು ಸಾವಿರ ದಾಟಿ ಎಷ್ಟೋ ಕಾಲವಾಯಿತು. ಸಜಾಯೆಗೆ ಧ್ವನಿ ಕೊಡುವ ಮಿದೊರಿ ಕಾಟೊ ಅವರು ಮೊದಲ ದಿನದಿಂದಲೂ ಅದೇ ಕೆಲಸದಲ್ಲಿದ್ದಾರೆ. ನಾವು ಎರಡು ವರ್ಷಕ್ಕೊಂದು ಕಂಪನಿ ಬದಲಾಯಿಸುವವರು, ಸುಮ್ಮನೆ ಕೈ ಮುಗಿಯಬೇಕು.

ಕಥೆ ಅಂತ ಹೇಳೋಕೆ ಏನೂ ಇಲ್ಲ. ಟೋಕಿಯೊದ ಒಂದು ಮನೆ. ಇಪ್ಪತ್ತನಾಲ್ಕು ವರ್ಷದ ಸಜಾಯೆ, ಗಂಡ ಮಾಸುವೊ, ಮೂರು ವರ್ಷದ ಮಗ ತಾರಾ. ಜೊತೆಗೆ ಸಜಾಯೆಯ ಅಪ್ಪ ಅಮ್ಮ, ಶಾಲೆಗೆ ಹೋಗುವ ತಮ್ಮ ಕಾಟ್ಸುವೊ, ತಂಗಿ ವಾಕಾಮೆ, ಮತ್ತೆ ಒಂದು ಬಿಳಿ ಬೆಕ್ಕು. ಅಂದರೆ ಮಾಸುವೊ ಇರೋದು ಹೆಂಡತಿಯ ತವರಿನಲ್ಲಿ, ನಮ್ಮ ಭಾಷೆಯಲ್ಲಿ ಮನೆ ಅಳಿಯ. ಹಾಗೆ ಇರುವ ಗಂಡಸರನ್ನು ಜಪಾನಿನಲ್ಲಿ ಈಗಲೂ 'ಮಾಸುವೊ-ಸಾನ್' ಅಂತಲೇ ಕರೆಯುತ್ತಾರಂತೆ. ಎಲ್ಲರ ಹೆಸರೂ ಸಮುದ್ರದ್ದು. ಸಜಾಯೆ ಅಂದರೆ ಸುಟ್ಟು ತಿನ್ನುವ ಒಂದು ಜಾತಿಯ ಶಂಖದ ಹುಳು, ಕಾಟ್ಸುವೊ ಅಂದರೆ ಟ್ಯೂನಾ ಬಳಗದ ಮೀನು, ವಾಕಾಮೆ ಅಂದರೆ ಸಾರಿಗೆ ಹಾಕುವ ಕಡಲ ಪಾಚಿ, ಅಮ್ಮನ ಹೆಸರು ಫುನೆ ಅಂದರೆ ದೋಣಿ. ಅಪ್ಪ ನಾಮಿಹೇಯ ಹೆಸರಿನಲ್ಲಿ ಅಲೆ ಇದೆ, ನೆತ್ತಿಯ ಮೇಲೆ ಒಂದೇ ಒಂದು ಕೂದಲಿದೆ. ಆತನ ವಯಸ್ಸು ಐವತ್ತನಾಲ್ಕು. ನೋಡಿದರೆ ಎಪ್ಪತ್ತು ಅನ್ನಿಸುತ್ತದೆ. ನಮ್ಮ ಸಿನಿಮಾಗಳಲ್ಲಿ ಆ ವಯಸ್ಸಿನವರು ಇನ್ನೂ ಹೀರೋಯಿನ್ ಹಿಂದೆ ಮರ ಸುತ್ತುತ್ತಾರೆ, ಇರಲಿ ಬಿಡಿ. ಈ ಮನೆ ಇರುವ ಸಾಕುರಾ-ಶಿನ್‌ಮಾಚಿ ಬಡಾವಣೆಯಲ್ಲಿ ಇವರೆಲ್ಲರ ಕಂಚಿನ ಪ್ರತಿಮೆಗಳಿವೆ. 2012ರಲ್ಲಿ ಯಾರೋ ಕಿಡಿಗೇಡಿಗಳು ನಾಮಿಹೇಯ ಪ್ರತಿಮೆಯಿಂದ ಆ ಒಂದು ಕೂದಲನ್ನೂ ಕಿತ್ತುಕೊಂಡು ಹೋದರು. ಮತ್ತೆ ನೆಟ್ಟರೆ ಮತ್ತೆ ಕಿತ್ತರು. ಅದು ಸುದ್ದಿಯಾಯಿತು.

ಈ ಕಾರ್ಟೂನಿನಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ. ಮನೆಯಲ್ಲಿ ಇವತ್ತಿಗೂ ಬೆರಳು ಹಾಕಿ ತಿರುಗಿಸುವ ಕಪ್ಪು ಫೋನು. ಅಂಗಡಿ ಹುಡುಗ ಹಿತ್ತಲ ಬಾಗಿಲಿಗೆ ಬಂದು ಏನು ಬೇಕು ಅಂತ ಕೇಳಿಕೊಂಡು ಹೋಗುತ್ತಾನೆ (ಹತ್ತು ನಿಮಿಷದ ಡೆಲಿವರಿಗೆ ಅವನೇ ಮೂಲಪುರುಷ). ಚೆರ್ರಿ ಹೂ ಅರಳುವಾಗ ಟಿವಿಯೊಳಗೂ ಅರಳುತ್ತದೆ, ಹೊಸ ವರ್ಷಕ್ಕೆ ಅಲ್ಲೂ ಹೊಸ ವರ್ಷ. ಹೊರಗೆ ಜಪಾನ್ ಪೂರ್ತಿ ಬದಲಾಯಿತು. ಮೂರು ತಲೆಮಾರು ಒಂದೇ ಸೂರಿನಡಿ ಇರುವ ಮನೆಗಳು ಕಡಿಮೆಯಾದವು, ಒಬ್ಬೊಬ್ಬರೇ ಇರುವ ಮನೆಗಳು ಹೆಚ್ಚಾದವು. ಈ ಒಂದು ಮನೆ ಮಾತ್ರ ಹಾಗೇ ಉಳಿದಿದೆ.

ಇದೆಲ್ಲ ಓದಿದ ಮೇಲೆ ನನ್ನ ತಲೆ ತಿಂದ ಪ್ರಶ್ನೆ ಒಂದೇ. ಇಷ್ಟು ದೊಡ್ಡ ಹಿಟ್ ನಮಗೆ ಯಾಕೆ ತಲುಪಲಿಲ್ಲ?

ಸಾಮಾನ್ಯವಾಗಿ ಸಿಗುವ ಉತ್ತರ 'ತುಂಬಾ ಜಪಾನಿ, ಹೊರಗಿನವರಿಗೆ ಅರ್ಥ ಆಗಲ್ಲ' ಅನ್ನೋದು. ಇದರಲ್ಲಿ ನಿಜವೂ ಇದೆ. ಕೊಯಿಚಿ ಇವಾಬುಚಿ ಅನ್ನೋ ಮಾಧ್ಯಮ ವಿದ್ವಾಂಸರು ಇದಕ್ಕೆ 'ಸಾಂಸ್ಕೃತಿಕ ವಾಸನೆ' ಅನ್ನೋ ಮಾತು ಬಳಸಿದ್ದಾರೆ. ಯಾವ ದೇಶದ್ದು ಅಂತ ಗೊತ್ತೇ ಆಗದ ಹಾಗಿರುವ ಸರಕು ಸುಲಭವಾಗಿ ಗಡಿ ದಾಟುತ್ತದೆ ಅನ್ನೋದು ಅವರ ವಾದದ ಒಂದು ಎಳೆ. 1974ರ 'ಹೈಡಿ' ನೋಡಿ. ಮಾಡಿದ್ದು ಜಪಾನಿನಲ್ಲಿ, ಇಸಾವೊ ತಾಕಾಹಾತಾ ನಿರ್ದೇಶನ. ಆದರೆ ಕಥೆ ಸ್ವಿಟ್ಜರ್ಲೆಂಡಿನ ಬೆಟ್ಟಗಳದ್ದು. ಸ್ಪೇನ್, ಇಟಲಿ, ಜರ್ಮನಿಯ ಮಕ್ಕಳು ಅದನ್ನು ತಮ್ಮದೇ ಅಂದುಕೊಂಡು ಬೆಳೆದರು. ಅಪ್ಪ ಅಮ್ಮ ನೆಲದ ಮೇಲೆ ಕೂತು ಪಾಚಿ ಸಾರು ಕುಡಿಯುವ ಮನೆಗೆ ಆ ಅದೃಷ್ಟ ಇಲ್ಲ.

ಆದರೆ ಈ ವಾದ ನಮ್ಮ ದೇಶದ ಗಡಿಗೆ ಬಂದ ಕೂಡಲೇ ಕುಸಿದು ಬೀಳುತ್ತದೆ. ಡೋರೆಮಾನ್‌ಗಿಂತ ಜಪಾನಿ ಇನ್ಯಾವುದು? ಟಾಟಾಮಿ ಚಾಪೆಯ ಕೋಣೆ, ಜರುಗಿಸುವ ಬಾಗಿಲು, ಡೊರಾಯಾಕಿ ತಿಂಡಿ. ಅಮೆರಿಕದ ಡಿಸ್ನಿ ಎಕ್ಸ್‌ಡಿಗೆ 2014ರಲ್ಲಿ ಅದು ಹೋದಾಗ ಏನೆಲ್ಲ ಬದಲಾಯಿಸಿದರು ಗೊತ್ತಾ? ನೋಬಿತಾ 'ನೋಬಿ' ಆದ, ಜಿಯಾನ್ 'ಬಿಗ್ ಜಿ' ಆದ. ಯೆನ್ ನೋಟು ಡಾಲರ್ ಆಯಿತು, ಊಟದ ಕಡ್ಡಿ ಫೋರ್ಕ್ ಆಯಿತು, ಸುಟ್ಟ ಗೆಣಸು ಮಾರುವ ಗಾಡಿ ಪಾಪ್‌ಕಾರ್ನ್ ಗಾಡಿ ಆಯಿತು. ಪರೀಕ್ಷೆಯ ಸೊನ್ನೆಯ ಜಾಗದಲ್ಲಿ 'ಎಫ್' ಬಂತು. ನಾವು ಇಲ್ಲಿ 2005ರ ಹೊತ್ತಿಗೆ ಹಂಗಾಮಾ ಚಾನೆಲ್‌ನಲ್ಲಿ ಇದ್ಯಾವ ಉಪಚಾರವೂ ಇಲ್ಲದೆ ಹಾಗೇ ನೋಡಿದೆವು. ಸೊನ್ನೆ ಅಂದರೆ ನಮಗೆ ಚೆನ್ನಾಗಿಯೇ ಗೊತ್ತಿತ್ತು. ಮಾರ್ಕ್ಸ್ ಕಾರ್ಡ್ ಬಚ್ಚಿಡುವ ಹುಡುಗ, ಸೌಟು ಹಿಡಿದು ಬೈಯುವ ಅಮ್ಮ, ಪಕ್ಕದ ಮನೆಯ ಫಸ್ಟ್ ರ‍್ಯಾಂಕ್ ಹುಡುಗನ ಜೊತೆ ಹೋಲಿಕೆ. ಯಾವ ವಾಸನೆಯೂ ಅಡ್ಡ ಬರಲಿಲ್ಲ. ಹಾಗಿದ್ದ ಮೇಲೆ ಮನೆ ಅಳಿಯ, ಅತ್ತೆ ಮಾವ, ಭಾವನ ಹತ್ತಿರ ದುಡ್ಡು ಕೀಳುವ ಬಾಮೈದ ಇರುವ ಸಜಾಯೆ-ಸಾನ್ ನಮಗೆ ಅರ್ಥವಾಗುತ್ತಿರಲಿಲ್ಲವಾ? ಅರ್ಧ ಸೀರಿಯಲ್‌ಗಳು ಓಡೋದೇ ಇದರ ಮೇಲೆ.

ನನಗೆ ಅನ್ನಿಸೋದು, ಎಲ್ಲಕ್ಕಿಂತ ದೊಡ್ಡ ಕಾರಣ ತುಂಬಾ ಸರಳ. ಇದನ್ನು ಮಾರಲೇಬೇಕು ಅಂತ ಯಾರೂ ಹೊರಟಿರಲಿಲ್ಲ.

ಸಜಾಯೆಯನ್ನು ಸೃಷ್ಟಿಸಿದ್ದು ಮಾಚಿಕೊ ಹಾಸೆಗಾವಾ ಅನ್ನೋ ಹೆಣ್ಣುಮಗಳು. 1946ರಲ್ಲಿ, ಯುದ್ಧ ಸೋತು ಊರೆಲ್ಲ ಬೂದಿಯಾಗಿದ್ದ ಹೊತ್ತಿನಲ್ಲಿ, ಫುಕುವೊಕಾದ ಒಂದು ಸ್ಥಳೀಯ ಪತ್ರಿಕೆಗೆ ನಾಲ್ಕು ಚೌಕದ ಚಿತ್ರಕಥೆ ಬರೆಯೋಕೆ ಕೂತರು. ಆಗ ಅವರಿಗೆ ಇಪ್ಪತ್ತಾರು. ಆಮೇಲೆ ಅದು ಅಸಾಹಿ ಪತ್ರಿಕೆಗೆ ಹೋಗಿ 1974ರವರೆಗೆ ನಡೆಯಿತು. ಪುಸ್ತಕ ತರೋಕೆ ಅಕ್ಕ ತಂಗಿಯರು ಸೇರಿ ತಮ್ಮದೇ ಪ್ರಕಾಶನ ಶುರು ಮಾಡಿದರು, ಅದರ ಹೆಸರೇ 'ಸೋದರಿಯರ ಕಂಪನಿ' ಅಂತ. ತಮ್ಮ ಪಾತ್ರಗಳ ವಿಷಯದಲ್ಲಿ ಹಾಸೆಗಾವಾ ಬಲು ಬಿಗಿ. ಒಂದು ಬಸ್ ಕಂಪನಿ ಕೇಳದೆ ತನ್ನ ಬಸ್ಸುಗಳ ಮೇಲೆ ಸಜಾಯೆ ಮನೆಯವರ ಮುಖ ಬರೆಸಿಕೊಂಡಾಗ ಕೋರ್ಟಿಗೆ ಹೋದರು. 1976ರಲ್ಲಿ ಗೆದ್ದರು. ಪಾತ್ರದ ಮುಖಕ್ಕೂ ಹಕ್ಕುಸ್ವಾಮ್ಯ ಇದೆ ಅನ್ನೋದಕ್ಕೆ ಜಪಾನಿನ ಕಾನೂನು ವಿದ್ಯಾರ್ಥಿಗಳು ಇವತ್ತಿಗೂ ಓದುವ ಕೇಸು ಅದು. 1992ರಲ್ಲಿ ಅವರು ತೀರಿಕೊಂಡರು. ಟಿವಿ ಕಂತುಗಳು ಅದಾದ ಮೇಲೂ ಕ್ಯಾಸೆಟ್ ಆಗಿ ಅಂಗಡಿಗೆ ಬರಲಿಲ್ಲ, ಡಿವಿಡಿಯೂ ಆಗಲಿಲ್ಲ. ಭಾನುವಾರ ಬಂದಾಗ ನೋಡಬೇಕು, ತಪ್ಪಿದರೆ ತಪ್ಪಿತು. 2018ರ ಕೊನೆಯಲ್ಲಿ ಹಳೆಯ ಕಂತುಗಳು ಆನ್‌ಲೈನ್‌ಗೆ ಬಂದವು, ಅದೂ ಜಪಾನಿನ ಒಳಗೆ ಮಾತ್ರ.

ಇಲ್ಲಿ ಎರಡೂ ಪಕ್ಷ ವಹಿಸಿಕೊಂಡು ಜಗಳ ಆಡಬೇಕು ಅನ್ನಿಸುತ್ತದೆ ನನಗೆ. ಎಲ್ಲವನ್ನೂ ಟೀ ಶರ್ಟು, ಟಿಫಿನ್ ಬಾಕ್ಸು, ಮೊಬೈಲ್ ಗೇಮು ಮಾಡುವ ಕಾಲದಲ್ಲಿ 'ಬೇಡ' ಅಂದ ಒಬ್ಬರು ಇದ್ದರಲ್ಲ ಅನ್ನೋದು ಒಂದು ಕಡೆ. ಆ 'ಬೇಡ'ದಿಂದಾಗಿ ಬೇರೆ ಭಾಷೆಯ ಎಷ್ಟೋ ಮನೆಗಳಿಗೆ ಒಂದು ಒಳ್ಳೆಯ ಮನೆ ಸಿಗದೇ ಹೋಯಿತಲ್ಲ ಅನ್ನೋದು ಇನ್ನೊಂದು ಕಡೆ.

ಮಾರುವವರು ಇದ್ದರೂ ಕೊಳ್ಳುವವರಿಗೆ ಇದು ಕಷ್ಟದ ಸರಕೇ. ವಿದೇಶಿ ಚಾನೆಲ್‌ಗೆ ಬೇಕಾದದ್ದು ಇಪ್ಪತ್ತಾರೋ ಐವತ್ತೆರಡೋ ಕಂತುಗಳ ಒಂದು ಕಟ್ಟು. ಆರಂಭ, ಅಂತ್ಯ, ಆಟಿಕೆ ಎಲ್ಲ ಇರಬೇಕು. ಏಳು ಸಾವಿರ ಕಥೆಗಳ ರಾಶಿಯಲ್ಲಿ ಎಲ್ಲಿಂದ ಶುರು ಮಾಡುತ್ತೀರಿ? ಡಬ್ ಮಾಡೋಕೆ ಮಾತು ಬೇರೆ, ಸಂಗೀತ ಮತ್ತು ಸದ್ದು ಬೇರೆ ಆಗಿರುವ ಟ್ರ್ಯಾಕ್ ಬೇಕು. ಹಳೆಯ ಕಾರ್ಯಕ್ರಮಗಳಲ್ಲಿ ಅದು ಸಿಗದಿರುವುದೂ ಉಂಟು. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಡೋರೆಮಾನ್‌ನಲ್ಲಿ ಬದಲಾಯಿಸಬೇಕಾದ್ದನ್ನು ಪಟ್ಟಿ ಮಾಡಿ ಬೇರೆ ಫೈಲಿಗೆ ಹಾಕಬಹುದು. ಸಜಾಯೆ-ಸಾನ್‌ನಲ್ಲಿ ಎಲ್ಲ ಹಾರ್ಡ್‌ಕೋಡ್ ಆಗಿದೆ. ಗ್ಯಾಜೆಟ್ ಇಲ್ಲ, ದೆವ್ವ ಇಲ್ಲ, ಹೊಡೆದಾಟ ಇಲ್ಲ. ಮಾವನಿಗೆ ಬಂದ ಕಾಣಿಕೆಯ ಡಬ್ಬಿಯಲ್ಲಿ ಏನಿದೆ ಅನ್ನೋದೇ ಒಂದು ಇಡೀ ಕಥೆ ಆಗಬಹುದು. ಅದನ್ನು ತೆಗೆದರೆ ಉಳಿಯೋದು ಖಾಲಿ ಡಬ್ಬಿ.

ಇನ್ನೊಂದು ಕಾರ್ಟೂನಿನ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ, ಯಾಕೆಂದರೆ ಅದು ಹೊರಗೆ ಹೆಸರಾಗದ ಕಾರಣ ಪೂರ್ತಿ ಬೇರೆ. ಬಿಟಿಎಸ್ ಅಭಿಮಾನಿಗಳು 2018ರ 'ಅನ್‌ಪಾನ್‌ಮ್ಯಾನ್' ಹಾಡು ಕೇಳಿರುತ್ತೀರಿ. ಆ ಹೆಸರಿನ ಹಿಂದೆ ಇರುವುದು ಜಪಾನಿನ ಪುಟ್ಟ ಮಕ್ಕಳ ದೇವರು. ಅನ್‌ಪಾನ್ ಅಂದರೆ ಒಳಗೆ ಸಿಹಿ ಹೂರಣ ತುಂಬಿದ ಬನ್. ಈ ನಾಯಕನ ತಲೆಯೇ ಅಂಥ ಒಂದು ಬನ್. ಹಸಿದವರು ಕಂಡರೆ ತನ್ನ ಮುಖವನ್ನೇ ಮುರಿದು ತಿನ್ನೋಕೆ ಕೊಡುತ್ತಾನೆ. ಕೊಟ್ಟ ಮೇಲೆ ಶಕ್ತಿ ಕುಂದುತ್ತದೆ. ಆಗ ಬೇಕರಿಯ ಜಾಮ್ ತಾತ ಹೊಸ ತಲೆ ಬೇಯಿಸಿ ಕೊಡುತ್ತಾನೆ. ಖಳನಾಯಕ ಒಂದು ರೋಗಾಣು.

ಕೇಳೋಕೆ ವಿಚಿತ್ರ. ಇದನ್ನು ಬರೆದ ತಾಕಾಶಿ ಯಾನಾಸೆ ಯುದ್ಧದಲ್ಲಿ ಸೈನಿಕನಾಗಿ ಚೀನಾಕ್ಕೆ ಹೋಗಿ ಹಸಿವು ಏನು ಅಂತ ಕಂಡವರು. ಒಬ್ಬನೇ ತಮ್ಮ ನೌಕಾಪಡೆಯಲ್ಲಿ ಸತ್ತ. ಯುದ್ಧ ಮುಗಿದ ಮರುದಿನವೇ ನಿನ್ನೆಯ ನ್ಯಾಯ ಇವತ್ತು ಅನ್ಯಾಯ ಅನ್ನಿಸಿಕೊಂಡಿದ್ದನ್ನು ನೋಡಿ, ಹಸಿದವನಿಗೆ ಅನ್ನ ಕೊಡೋದು ಮಾತ್ರ ಯಾವ ದೇಶದಲ್ಲೂ ಉಲ್ಟಾ ಆಗದ ನ್ಯಾಯ ಅಂತ ಅವರಿಗೆ ಅನ್ನಿಸಿತಂತೆ. 1973ರಲ್ಲಿ ಚಿತ್ರಪುಸ್ತಕ ಬಂದಾಗ, ಮುಖ ತಿನ್ನಿಸೋದು ಎಂಥ ಕ್ರೌರ್ಯ ಅಂತ ದೊಡ್ಡವರು ಮೂಗು ಮುರಿದರು. ಮಕ್ಕಳು ಪುಸ್ತಕ ಹರಿಯೋವರೆಗೆ ಓದಿಸಿಕೊಂಡರು. 1988ರಲ್ಲಿ ಟಿವಿಗೆ ಬಂದಾಗ ಯಾನಾಸೆಗೆ ಅರವತ್ತೊಂಬತ್ತು ವರ್ಷ. ಅಷ್ಟು ಹೊತ್ತಿಗೆ ನಮ್ಮಲ್ಲಿ ರಿಟೈರ್ ಆಗಿ ಎಷ್ಟೋ ವರ್ಷ ಆಗಿರುತ್ತದೆ. 2013ರಲ್ಲಿ ತೊಂಬತ್ತನಾಲ್ಕನೇ ವಯಸ್ಸಿನಲ್ಲಿ ತೀರಿಕೊಂಡರು.

ಸಜಾಯೆ ಥರ ಇದನ್ನು ಯಾರೂ ಬಚ್ಚಿಡಲಿಲ್ಲ. ಜಪಾನಿನಲ್ಲಿ ಅನ್‌ಪಾನ್‌ಮ್ಯಾನ್ ರೈಲಿದೆ, ಮ್ಯೂಸಿಯಂಗಳಿವೆ, ಡೈಪರ್ ಕೂಡ ಬಂದಿತ್ತು. 2009ರಲ್ಲಿ 1,768 ಪಾತ್ರಗಳನ್ನು ಎಣಿಸಿ ಅದಕ್ಕೂ ಗಿನ್ನೆಸ್ ದಾಖಲೆ ಕೊಟ್ಟರು. ಅದರಲ್ಲಿ ಎಷ್ಟೋ ಪಾತ್ರಗಳು ಊಟ ತಿಂಡಿಗಳೇ. ಅಮೆರಿಕದವರಿಗೆ ಕಾಳು ಬೇಯಿಸಿ ಸಿಹಿ ಮಾಡೋದೇ ಒಗ್ಗದ ವಿಷಯ. ನಮಗೇನು ತೊಂದರೆ? ಹೋಳಿಗೆಯ ಹೂರಣವನ್ನು ಅಯ್ಯಂಗಾರ್ ಬೇಕರಿಯ ಬನ್ ಒಳಗೆ ತುಂಬಿದರೆ ಅನ್‌ಪಾನ್. ಉಗಾದಿಯ ಮರುದಿನ ಮನೆಯಲ್ಲಿ ಮಾಡಿ ನೋಡಬಹುದು, ನಾನು ಮಾಡಿದ್ದೇನೆ, ತಪ್ಪೇನಿಲ್ಲ.

ಹಾಗಾದರೆ ತೊಡಕು ಎಲ್ಲಿ? ಅನ್‌ಪಾನ್‌ಮ್ಯಾನ್ ನೋಡುವವರ ವಯಸ್ಸಿನಲ್ಲಿ. ಇದು ಎರಡು ಮೂರು ವರ್ಷದ ಕೂಸುಗಳ ಕಾರ್ಟೂನ್. ಅನಿಮೆ ಜಗತ್ತಿಗೆ ಹರಡಿದ್ದು ಹೇಗೆ ಅಂತ ಯೋಚಿಸಿ. ಚಾನೆಲ್‌ಗಳು ಸ್ವಲ್ಪ ತಂದವು, ಉಳಿದದ್ದನ್ನು ನಮ್ಮ ಥರದವರು ಹಾಸ್ಟೆಲ್ ರೂಮಿನಲ್ಲಿ ಕೂತು, ಅಭಿಮಾನಿಗಳೇ ಬರೆದ ಸಬ್‌ಟೈಟಲ್ ಹಾಕಿಕೊಂಡು, ಪೆನ್ ಡ್ರೈವ್‌ನಲ್ಲಿ ಹಂಚಿಕೊಂಡು ಹರಡಿದೆವು. ಎರಡು ವರ್ಷದ ಮಗುವಿಗೆ ಸಬ್‌ಟೈಟಲ್ ಓದೋಕೆ ಬರಲ್ಲ. ಅದಕ್ಕೆ ಡಬ್ ಬೇಕು, ಅದೂ ಅಮ್ಮ ಆಡುವ ಭಾಷೆಯಲ್ಲೇ ಬೇಕು. ಓದೋಕೆ ಬರುವ ಅಭಿಮಾನಿಗೆ ಬನ್ ತಲೆಯ ನಾಯಕ ಬೇಡ. ಮಧ್ಯೆ ಹೊತ್ತುಕೊಂಡು ಬರೋರೇ ಇಲ್ಲ.

ಒಂದು ಮಾತು ಸೇರಿಸಬೇಕು. 'ಹೊರಗೆ ಗೊತ್ತಿಲ್ಲ' ಅಂತ ನಾವು ಹೇಳುವಾಗ ನಮ್ಮ ತಲೆಯಲ್ಲಿರೋದು ಅಮೆರಿಕ ಮತ್ತು ಯುರೋಪು. ಮೊಮೊಕೊ ಸಾಕುರಾ ಅವರ 'ಚಿಬಿ ಮಾರುಕೊ-ಚಾನ್' ಇಂಗ್ಲಿಷ್ ಲೋಕಕ್ಕೆ ಅಷ್ಟಾಗಿ ಗೊತ್ತಿಲ್ಲ. ತೈವಾನ್, ಹಾಂಗ್‌ಕಾಂಗ್, ಚೀನಾದಲ್ಲಿ ಅವಳು ಮನೆಮಗಳು. 2018ರಲ್ಲಿ ಸಾಕುರಾ ತೀರಿಕೊಂಡಾಗ ಅಲ್ಲಿಯವರೂ ಅತ್ತರು. ಅಮೆರಿಕದವರು ನೋಡಲಿಲ್ಲ ಅಂದ ಮಾತ್ರಕ್ಕೆ ಯಾರೂ ನೋಡಲಿಲ್ಲ ಅಂತಲ್ಲ.

ಈ ಭಾಷೆಯ ವಿಷಯ ನನಗೆ ಸುಮ್ಮನೆ ತಾಗಲಿಲ್ಲ. ನಾವು ಚಿಕ್ಕವರಿದ್ದಾಗ ಡೋರೆಮಾನ್‌ಗೆ ಹಿಂದಿ ಇತ್ತು, ತಮಿಳು ತೆಲುಗು ಇತ್ತು, ಕನ್ನಡ ಇರಲಿಲ್ಲ. ಡಬ್ಬಿಂಗ್ ಬೇಡ ಅನ್ನೋ ಹಳೆಯ ಕಟ್ಟುಪಾಡು ನಮ್ಮಲ್ಲಿತ್ತು, 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಸಡಿಲವಾಯಿತು. 2009ರಲ್ಲಿ ಚಿಂಟು ಟಿವಿ ಬಂದು ಕಾರ್ಟೂನುಗಳು ಕನ್ನಡ ಮಾತಾಡೋ ಹೊತ್ತಿಗೆ ನಮ್ಮ ಬ್ಯಾಚು ಹೈಸ್ಕೂಲಿಗೆ ಬಂದಾಗಿತ್ತು. ನನ್ನ ಹಿಂದಿಯ ಅರ್ಧ ನೋಬಿತಾ ಕಲಿಸಿದ್ದು, ಇನ್ನರ್ಧ ಶಿನ್‌ಚಾನ್. ಮೊನ್ನೆ ಅಕ್ಕನ ಮಗಳು ಊಟ ಬೇಡ ಅಂತ ಹಠ ಮಾಡುತ್ತಾ ನಮ್ಮಮ್ಮನಿಗೆ ಹಿಂದಿಯಲ್ಲಿ ಏನೋ ಅಂದಳು. ಪೂರ್ತಿ ಕಾರ್ಟೂನಿನ ರಾಗ. ಅಮ್ಮನಿಗೆ ಹಿಂದಿ ಬರಲ್ಲ. "ಏನಂತೆ ಅವಳಿಗೆ?" ಅಂತ ನನ್ನ ಮುಖ ನೋಡಿದರು. ಅಜ್ಜಿ ಮೊಮ್ಮಗಳ ಮಧ್ಯೆ ನಾನು ದುಭಾಷಿ. ನಗು ಬಂತು, ನಗೋಕೂ ಆಗಲಿಲ್ಲ. ಇದೇ ಕಾರಣಕ್ಕೆ ಬಾಂಗ್ಲಾದೇಶ 2013ರಲ್ಲಿ ಹಿಂದಿ ಡೋರೆಮಾನ್ ಅನ್ನು ನಿಷೇಧಿಸಿಯೇ ಬಿಟ್ಟಿತ್ತು. ನಿಷೇಧ ನನಗೆ ಇಷ್ಟವಿಲ್ಲ, ಆದರೆ ಅವತ್ತು ಆ ಸರ್ಕಾರದ ಹೊಟ್ಟೆನೋವು ಏನು ಅಂತ ಸ್ವಲ್ಪ ಅರ್ಥವಾಯಿತು.

ಇದನ್ನೆಲ್ಲ ಟೋಕಿಯೊದ ಆ ಸಹೋದ್ಯೋಗಿಗೆ ಒಂದು ಸೋಮವಾರ ಹೇಳಿದೆ. ಅವರು ತಮ್ಮ ಕಥೆ ಹೇಳಿದರು. ಅವರಿರೋದು ಒಂದು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ, ಅಮ್ಮ ಒಬ್ಬರೇ ಊರಲ್ಲಿ. ಇಬ್ಬರೂ ಭಾನುವಾರ ಆರೂವರೆಗೆ ಅವರವರ ಟಿವಿ ಹಾಕುತ್ತಾರೆ. ಫೋನ್ ಮಾಡೋದು ಕಾರ್ಯಕ್ರಮ ಮುಗಿದ ಮೇಲೆ. ಕೊನೆಯಲ್ಲಿ ಸಜಾಯೆ ನೋಡುಗರ ಜೊತೆ ಕಲ್ಲು, ಕತ್ತರಿ, ಕಾಗದ ಆಡುತ್ತಾಳೆ, 1991ರಿಂದ ಹಾಗೇ. ಟಿವಿ ಮುಂದೆ ಕೈ ಮುಂದೆ ಮಾಡಬೇಕು, ಅವಳು ಫಲಕ ಎತ್ತಿ ತೋರಿಸುತ್ತಾಳೆ. ಅಮ್ಮ ಗೆದ್ದರೆ ಮೊದಲು ಹೇಳೋದು ಅದನ್ನೇ ಅಂತೆ.

ಅಲ್ಲಿಯ ಆರೂವರೆ ಅಂದರೆ ನಮಗೆ ಮಧ್ಯಾಹ್ನ ಮೂರು ಗಂಟೆ. ಹೋದ ಭಾನುವಾರ ಊಟ ಮಾಡಿ, ಅಮ್ಮ ಚಾಪೆ ಮೇಲೆ ಮಲಗಿದ್ದಾಗ, ಸರಿಯಾಗಿ ಮೂರೂ ಇಪ್ಪತ್ತೆಂಟರ ಹೊತ್ತಿಗೆ ಸುಮ್ಮನೆ ಗೋಡೆ ಕಡೆ ತಿರುಗಿ ಕೈ ಮುಂದೆ ಮಾಡಿದೆ. ಕಲ್ಲು. ಅಕ್ಕನ ಮಗಳು ಏನು ಮಾಡ್ತಿದೀಯ ಮಾಮ ಅಂದಳು, ಕನ್ನಡದಲ್ಲೇ. ಹೇಳಿಕೊಟ್ಟೆ, ಅವಳು ಕತ್ತರಿ ಮಾಡಿದಳು. ಸೋಮವಾರ ಕಾಲ್ ಶುರುವಾಗೋ ಮುಂಚೆ ಚಾಟ್‌ನಲ್ಲಿ ಕೇಳಿದೆ. "ಕಾಗದ" ಅಂತ ಉತ್ತರ ಬಂತು. ನಾನು ಸೋತಿದ್ದೆ, ಅವಳು ಗೆದ್ದಿದ್ದಳು.